ಒಂದೂವರೆ ವರ್ಷದ ಮಗನ ಮೇಲೆ ಬಿಸಿ ಕಾಫಿ ಬಿದ್ದಿದೆ. ಎಷ್ಟು ದಿನಕ್ಕೆ ವಾಸಿಯಾಗುತ್ತೆ, ಕಲೆ ಉಳಿಯುತ್ತಾ?

ನೀವು ಬರೆದಿರೋದು ಇಷ್ಟು: ನಾಲ್ಕು ದಿನದ ಹಿಂದೆ ಮಗ ಟೀಪಾಯಿ ಮೇಲಿನ ಕಾಫಿ ಲೋಟ ಎಳೆದುಕೊಂಡ, ಎದೆ ಮತ್ತು ಬಲಭುಜ ಸುಟ್ಟಿದೆ, ದಿನ ಬಿಟ್ಟು ದಿನ ಡ್ರೆಸ್ಸಿಂಗ್ ನಡೀತಿದೆ, ಕಲೆ ಉಳಿಯುತ್ತಾ ಅಂದ್ರೆ ಡಾಕ್ಟರು "ನೋಡೋಣ" ಅಂತಾರೆ ಅಷ್ಟೇ. ನಿಮಗೆ ರಾತ್ರಿ ನಿದ್ದೆ ಇಲ್ಲ, ತಪ್ಪು ನನ್ನದೇ ಅಂತ ಕೊರಗು ಬೇರೆ.

ನಾನು ಡಾಕ್ಟರ್ ಅಲ್ಲ, ಶಿವಮೊಗ್ಗದಲ್ಲಿ ಬ್ಯಾಂಕ್ ಕೆಲಸ ಮಾಡೋಳು. ಮೂರು ವರ್ಷದ ಹಿಂದೆ ಇದೇ "ನೋಡೋಣ" ಕೇಳಿ ಕೇಳಿ ನನಗೂ ಮೈ ಉರಿದಿತ್ತು. ಆಮೇಲೆ ಗೊತ್ತಾಯ್ತು, ಅವರು ಜಾರಿಕೊಳ್ಳುತ್ತಿಲ್ಲ. ಸುಟ್ಟ ಗಾಯ ಮೊದಲ ಕೆಲವು ದಿನ ಬದಲಾಗುತ್ತಲೇ ಇರುತ್ತೆ. ಮೊದಲ ದಿನ ಬರೀ ಕೆಂಪು ಅಂತ ಕಂಡ ಜಾಗ ಮೂರನೇ ದಿನ ಬಿಳಿಚಿಕೊಂಡು, ಆಳಕ್ಕೆ ಹೋಗಿದೆ ಅಂತ ತಿಳಿಯಬಹುದು. ನಾಲ್ಕನೇ ದಿನಕ್ಕೆ ಖಡಾಖಂಡಿತ ಉತ್ತರ ಕೊಟ್ಟಿದ್ದರೆ ನಾನು ಆ ಡಾಕ್ಟರ್ ಮೇಲೇ ಅನುಮಾನ ಪಡುತ್ತಿದ್ದೆ.

ನಮ್ಮನೆ ಕತೆ ಹೇಳ್ತೀನಿ. ಅದರಲ್ಲಿ ಕಲೆ ಉಳಿಸದ ಗಾಯ, ಉಳಿಸಿದ ಗಾಯ ಎರಡೂ ಇತ್ತು.

ದೀಪಾವಳಿಗೆ ತೀರ್ಥಹಳ್ಳಿ ಕಡೆ ಇರೋ ಗಂಡನ ಮನೆಗೆ ಹೋಗಿದ್ವಿ. ಮಗನಿಗೆ ಹದಿನಾಲ್ಕು ತಿಂಗಳು, ನಡೆಯೋದು ಕಲಿತು ಹದಿನೈದು ದಿನ ಆಗಿರಬೇಕು. ಅತ್ತೆ ಅನ್ನ ಬಸಿದು ಗಂಜಿ ಪಾತ್ರೆಯನ್ನು ಒಲೆ ಪಕ್ಕ ನೆಲದ ಮೇಲೆ ಇಟ್ಟಿದ್ದರು, ಆರಿದ ಮೇಲೆ ದನದ ಅಕ್ಕಚ್ಚಿಗೆ ಹಾಕೋಕೆ. ಆ ಮನೇಲಿ ನಲವತ್ತು ವರ್ಷದಿಂದ ಆ ಪಾತ್ರೆ ಅಲ್ಲೇ ಆರುತ್ತಿದ್ದದ್ದು. ನಾನು ಕಾಯಿ ತುರೀತಾ ಅಲ್ಲೇ ಇದ್ದೆ, ನಾಲ್ಕು ಅಡಿ ದೂರ. ಇವನು ಪಾತ್ರೆ ಅಂಚು ಹಿಡಿದು ಏಳೋಕೆ ಹೋದ. ಎಡಗೈ, ಹೊಟ್ಟೆ, ಎದೆ. ನೀರಾದರೆ ಹರಿದು ಹೋಗುತ್ತೆ, ಗಂಜಿ ಅಂಟಿಕೊಂಡು ಕೂರುತ್ತೆ, ಕೂತಲ್ಲೇ ಬೇಯಿಸುತ್ತೆ.

ಓದಿದವಳು ಅನ್ನಿಸಿಕೊಂಡ ನಾನು ಏನು ಮಾಡಿದೆ ಗೊತ್ತಾ? ಬಚ್ಚಲಿಗೆ ಓಡಿ ಟೂತ್‌ಪೇಸ್ಟ್ ತಂದು ಹಚ್ಚಿದೆ. ಅತ್ತೆ ಇನ್ನೊಂದು ಕಡೆಯಿಂದ ಕೊಬ್ಬರಿ ಎಣ್ಣೆ ತಂದರು. "ಅತ್ತಿಗೆ, ಮೊದಲು ನೀರು, ನೀರು" ಅಂತ ಮೈದುನ ಕೂಗಿದ್ದು ಈಗಲೂ ಕಿವೀಲಿದೆ. ಆಗ ಯಾರಿಗೂ ಕೇಳಿಸಲಿಲ್ಲ. ಆಸ್ಪತ್ರೆ ತಲುಪೋ ಹೊತ್ತಿಗೆ ನಲವತ್ತು ನಿಮಿಷ ಕಳೆದಿತ್ತು. ಅಲ್ಲಿನ ಸಿಸ್ಟರ್ ಒಂದು ಮಾತೂ ಬೈಯದೆ ಪೇಸ್ಟ್ ತೊಳೆದು, ಕೈಯನ್ನ ನಲ್ಲಿ ಕೆಳಗೆ ಹಿಡಿದು, ಗೋಡೆ ಗಡಿಯಾರ ನೋಡ್ತಾ ಇಪ್ಪತ್ತು ನಿಮಿಷ ನಿಂತರು. ಉಳಿದ ಮೈಗೆಲ್ಲ ಕಂಬಳಿ ಸುತ್ತಿಸಿದ್ರು, ಚಿಕ್ಕ ಮಕ್ಕಳ ಮೈ ಬೇಗ ತಣ್ಣಗಾಗುತ್ತೆ ಅಂತ. ಸುಟ್ಟ ಮೂರು ಗಂಟೆ ಒಳಗೆ ಯಾವಾಗ ನೀರು ಹಿಡಿದರೂ ಪ್ರಯೋಜನ ಇದೆ ಅಂತ ನನಗೆ ಗೊತ್ತಾಗಿದ್ದು ಆವತ್ತೇ. ಐಸ್ ಬೇಡ, ಹರಿಯೋ ಸಾದಾ ನೀರು. ನಿಮ್ಮ ವಿಷಯದಲ್ಲಿ ಆ ಹೊತ್ತು ಕಳೆದಿದೆ, ಆದರೆ ಈ ಉತ್ತರ ಓದೋ ಬೇರೆಯವರಿಗೆ ಇರಲಿ ಅಂತ ಬರೆದೆ. ಹಾಗೇ ಇನ್ನೊಂದು: ಬಟ್ಟೆ, ಡೈಪರ್, ಸ್ವೆಟರ್ ತಕ್ಷಣ ತೆಗೀಬೇಕು. ಬಿಸಿ ಹೀರಿಕೊಂಡ ಡೈಪರ್ ಅಂದ್ರೆ ಮೈಗೆ ಕಟ್ಟಿದ ಬಿಸಿ ಬಟ್ಟೆ. ಚರ್ಮಕ್ಕೆ ಅಂಟಿಕೊಂಡಿದ್ದರೆ ಮಾತ್ರ ಎಳೀಬಾರದು.

ನಾವು ತೆಗೆಯೋದು ಮರೆತದ್ದು ಬೆಳ್ಳಿ ಕಡಗ. ನಾಮಕರಣಕ್ಕೆ ಸೋದರಮಾವ ಹಾಕಿದ್ದು. ಗಂಜಿ ಅದರ ಅಡಿಗೆ ಸಿಕ್ಕಿಕೊಂಡಿತ್ತು, ಮೇಲಿಂದ ಕೈ ಬನ್ನಿನ ಹಾಗೆ ಊದಿ ಕಡಗ ಬಿಗಿದುಕೊಂಡಿತ್ತು. ಸಿಸ್ಟರ್ ಅದನ್ನ ಅಗಲಿಸಿ ತೆಗೆಯೋವಾಗ ನಾನು ಹೊರಗೆ ಹೋಗಿ ನಿಂತೆ.

ಡಾಕ್ಟರು ಮಗುವಿನ ಅಂಗೈಯಿಂದಲೇ ಗಾಯ ಅಳೆದರು. ಬೆರಳೂ ಸೇರಿ ಮಗುವಿನ ಒಂದು ಅಂಗೈ ಅಂದ್ರೆ ಅದರ ಮೈಯ ಸುಮಾರು 1%. ನಮ್ಮದು ಏಳು ಅಂಗೈ. ಮಕ್ಕಳಲ್ಲಿ 10% ದಾಟಿದರೆ ಡ್ರಿಪ್ ಹಾಕಿ ನೀರಿನಂಶ ಕೊಡಲೇಬೇಕಾಗುತ್ತೆ, ನಮ್ಮದು ಅಷ್ಟಿರಲಿಲ್ಲ. ಆದರೂ ಕೈ ಸುಟ್ಟಿದೆ ಅನ್ನೋ ಕಾರಣಕ್ಕೆ ಶಿವಮೊಗ್ಗಕ್ಕೆ ಕಳಿಸಿ ಅಡ್ಮಿಟ್ ಮಾಡಿಸಿದರು. ಮುಖ, ಕೈ, ಪಾದ, ಕೀಲು, ಗುಪ್ತಾಂಗ ಇವು ಸುಟ್ಟರೆ ಸ್ವಲ್ಪವೇ ಆದರೂ ಪ್ಲಾಸ್ಟಿಕ್ ಸರ್ಜನ್ ನೋಡೋದು ಒಳ್ಳೇದಂತೆ. ನಿಮ್ಮ ಮಗನ ಭುಜದ ಗಾಯ ಕಂಕುಳವರೆಗೆ ಹೋಗಿದ್ದರೆ ನೀವೂ ಒಮ್ಮೆ ತೋರಿಸಿ.

ಈಗ ನೀವು ಕೇಳಿದ್ದಕ್ಕೆ ಬರ್ತೀನಿ. ಎದೆ ಮತ್ತು ಹೊಟ್ಟೆ ಗಾಯಕ್ಕೆ ಕೊಲಾಜೆನ್ ಹಾಳೆ, ಅಂದ್ರೆ ಗಾಯ ಮುಚ್ಚೋ ತೆಳು ಪ್ರೋಟೀನ್ ಪೊರೆ, ಅಂಟಿಸಿದ್ದರು. ಅದು ಹನ್ನೆರಡನೇ ದಿನದ ಹೊತ್ತಿಗೆ ಒಣಗಿ, ಅಂಚು ಬಿಟ್ಟ ನೀರುದೋಸೆ ಥರ ತಾನೇ ಎದ್ದು ಬಂತು. ಕೆಳಗೆ ಹೊಸ ಚರ್ಮ, ಗುಲಾಬಿ ಬಣ್ಣ. ಇವತ್ತು ಆ ಜಾಗ ಹುಡುಕಿದರೂ ಸಿಗಲ್ಲ. ಮಣಿಕಟ್ಟಿನ ಕತೆ ಬೇರೆ. ಕಡಗ ಇದ್ದ ಜಾಗ ಮೂರು ವಾರ ಆದರೂ ಮುಚ್ಚಲಿಲ್ಲ. ಮೂರು ವಾರ ಅನ್ನೋದು ಇಲ್ಲಿ ಗಡಿ ಇದ್ದ ಹಾಗೆ. ಅಷ್ಟರೊಳಗೆ ಮುಚ್ಚಿದ ಗಾಯ ಸಾಮಾನ್ಯವಾಗಿ ದೊಡ್ಡ ಕಲೆ ಉಳಿಸಲ್ಲ, ಬಣ್ಣದ ವ್ಯತ್ಯಾಸ ಇರಬಹುದು ಅಷ್ಟೇ. ದಾಟಿದ ಮೇಲೆ ಕಲೆ ದಪ್ಪಗೆ ಉಬ್ಬೋದು, ಎಳೆದುಕೊಳ್ಳೋದು ಜಾಸ್ತಿ. ಹಾಗಾಗಿ ತೊಡೆಯಿಂದ ಎರಡು ಅಂಚೆಚೀಟಿಯಷ್ಟು ತೆಳು ಚರ್ಮ ತೆಗೆದು ಅಲ್ಲಿಗೆ ಹಾಕಿದರು. ಕಸಿ ಅಂದ ಕೂಡಲೇ ಮನೆಯಲ್ಲಿ ಎಲ್ಲರೂ ಅತ್ತರು. ನಿಜ ಹೇಳಬೇಕೆಂದರೆ ಮಗು ಮಣಿಕಟ್ಟಿಗಿಂತ ತೊಡೆ ನೋವಿಗೇ ಹೆಚ್ಚು ಅತ್ತಿದ್ದು, ಅದೂ ಒಂದು ವಾರ.

ಡ್ರೆಸ್ಸಿಂಗ್ ದಿನ ಆಸ್ಪತ್ರೆ ಗೇಟ್ ಕಂಡ ತಕ್ಷಣ ಅಳೋಕೆ ಶುರು ಮಾಡ್ತಿದ್ದ. ಒಬ್ಬ ಹಿರಿಯ ಸಿಸ್ಟರ್ ಎರಡು ಮಾತು ಹೇಳಿಕೊಟ್ಟರು. ಡಾಕ್ಟರ್ ಬರೆದ ನೋವಿನ ಸಿರಪ್ಪನ್ನ ಅವರು ಹೇಳಿದ ಅಳತೆಗೆ, ಡ್ರೆಸ್ಸಿಂಗ್‌ಗೆ ಅರ್ಧ ಗಂಟೆ ಮೊದಲೇ ಕೊಡಿ. ಗಾಜ್ ಒಣಗಿ ಅಂಟಿದ್ದರೆ ಕೀಳೋಕೆ ಬಿಡಬೇಡಿ, ಸಲೈನ್ ಹಾಕಿ ನೆನೆಸೋಕೆ ಹೇಳಿ. ಎರಡನೇದನ್ನ ಕೇಳೋಕೆ ನನಗೆ ಮೊದಮೊದಲು ಸಂಕೋಚ ಆಗ್ತಿತ್ತು. ಅವಸರದಲ್ಲಿ ಎಳೆದ ಒಂದು ದಿನದ ನಂತರ ಸಂಕೋಚ ಹೋಯ್ತು.

ಊಟದ ವಿಷಯದಲ್ಲಿ ನಿಮ್ಮ ಮನೇಲೂ "ನಂಜು" ಶುರುವಾಗಿರುತ್ತೆ. ಮೊಟ್ಟೆ ನಂಜು, ಬೇಳೆ ಕೊಟ್ರೆ ಕೀವು, ಬದನೆಕಾಯಿ ಅಂತೂ ಹೆಸರೆತ್ತೋ ಹಾಗಿಲ್ಲ. ನೋಡೋಕೆ ಬಂದವರೆಲ್ಲ ಪಥ್ಯದ ಪಟ್ಟಿ ಕೊಟ್ಟು ಹೋಗ್ತಾರೆ. ಡಾಕ್ಟರ್ ಹೇಳಿದ್ದು ತದ್ವಿರುದ್ಧ: ಹೊಸ ಚರ್ಮ ಬೆಳೆಯೋಕೆ ಪ್ರೋಟೀನ್ ಬೇಕು, ಮೊಟ್ಟೆ, ಹೆಸರುಬೇಳೆ, ಹಾಲು, ಮೊಸರು ಎಲ್ಲ ಕೊಡಿ. ನಾವು ದಿನಕ್ಕೊಂದು ಮೊಟ್ಟೆ ಕೊಟ್ವಿ, ಪಕ್ಕದ ಮನೆಯವರಿಗೆ ಹೇಳಲಿಲ್ಲ.

ಜ್ವರ, ಗಾಯದ ವಾಸನೆ, ಸುತ್ತ ಕೆಂಪು ಹರಡೋದು, ಆರೇಳು ಗಂಟೆ ಉಚ್ಚೆ ಮಾಡದೇ ಇರೋದು ಕಂಡರೆ ಮುಂದಿನ ಡ್ರೆಸ್ಸಿಂಗ್‌ವರೆಗೆ ಕಾಯಬೇಡಿ. ಜ್ವರದ ಜೊತೆ ವಾಂತಿ, ಭೇದಿ, ಮೈಮೇಲೆ ಕೆಂಪು ದದ್ದು ಬಂದು ಮಗು ಮಂಕಾದರೆ ನಡುರಾತ್ರಿಯಾದರೂ ಹೊರಡಿ. ಚಿಕ್ಕ ಮಕ್ಕಳಲ್ಲಿ ಸಣ್ಣ ಸುಟ್ಟಗಾಯದಿಂದಲೂ ವಿಷ ಮೈಗೆ ಏರುವ ಸೋಂಕು ಬರೋದುಂಟು.

ಗಾಯ ಮುಚ್ಚಿದ ದಿನ ಸಿಹಿ ಹಂಚಿದ್ವಿ. ಅಸಲು ಕೆಲಸ ಶುರುವಾಗಿದ್ದು ಆವತ್ತಿಂದ, ಅದನ್ನ ಯಾರೂ ಒತ್ತಿ ಹೇಳಿರಲಿಲ್ಲ. ಮೊದಲು ಬಂದದ್ದು ಕಡಿತ. ರಾತ್ರಿ ಹನ್ನೆರಡಕ್ಕೆ ಎದ್ದು ಕೆರೆದುಕೊಂಡು ಹೊಸ ಚರ್ಮ ಕಿತ್ತುಕೊಳ್ಳೋನು. ಉಗುರು ಕತ್ತರಿಸಿ, ಕೈಗೆ ಹತ್ತಿ ಕಾಲುಚೀಲ ಹಾಕಿ, ಡಾಕ್ಟರ್ ಕೊಟ್ಟ ಕಡಿತದ ಸಿರಪ್ ಕುಡಿಸಿ ಮಲಗಿಸ್ತಿದ್ದೆ. ಆಮೇಲೆ ಕಸಿ ಜಾಗಕ್ಕೆ ದಿನಕ್ಕೆ ಮೂರು ನಾಲ್ಕು ಸಲ ವಾಸನೆ ಇಲ್ಲದ ಕ್ರೀಮ್ ಹಚ್ಚಿ ತೀಡೋದು, ಚರ್ಮ ಒಂದು ಕ್ಷಣ ಬಿಳಿಚುವಷ್ಟು ಒತ್ತಿ. ಸಿಲಿಕೋನ್ ಜೆಲ್. ಅಳತೆ ಕೊಟ್ಟು ಹೊಲಿಸಿದ ಬಿಗಿ ಕೈಗವಸು, ದಿನಕ್ಕೆ 23 ಗಂಟೆ. ಹದಿನಾರು ತಿಂಗಳ ಮಗುವಿಗೆ 23 ಗಂಟೆ ಕೈಗವಸು! ಹಲ್ಲಿನಿಂದ ಕಿತ್ತು ಕಿಟಕಿಯಿಂದ ಎಸೆದಿದ್ದಾನೆ.

ಕೈ ಬಗ್ಗಿಸೋ ವ್ಯಾಯಾಮ ಹೇಳಿಕೊಟ್ಟ ಫಿಸಿಯೋ ಮೇಡಂ "ಆಟ ಆಡಿಸಿ ಸಾಕು" ಅಂದಿದ್ರು. ನಾವು ಅಕ್ಕಿರೊಟ್ಟಿ ಹಿಟ್ಟಿನ ಉಂಡೆ ಕೊಟ್ವಿ. ತಟ್ಟೋದು, ಹಿಸುಕೋದು, ಗೋಡೆಗೆ ಮೆತ್ತೋದು. ಸ್ನಾನದ ಹೊತ್ತಲ್ಲಿ ಸ್ಪಂಜು ಹಿಂಡೋದು. ಮಣಿಕಟ್ಟು ಇವತ್ತು ಪೂರ್ತಿ ಹಿಂದಕ್ಕೆ ಮಡಚುತ್ತೆ ಅಂದರೆ ಅದಕ್ಕೆ ಆ ಹಿಟ್ಟೇ ಕಾರಣ ಅಂತ ನನ್ನ ಲೆಕ್ಕ.

ಕಲೆ ಹಣ್ಣಾಗೋಕೆ, ಅಂದ್ರೆ ಮೆತ್ತಗಾಗಿ ಕೆಂಪು ಇಳಿಯೋಕೆ, ಒಂದರಿಂದ ಒಂದೂವರೆ ವರ್ಷ, ಕೆಲವರಿಗೆ ಎರಡು ವರ್ಷ ಹಿಡಿಯುತ್ತೆ. ಮೊದಲ ಕೆಲವು ತಿಂಗಳು ಅದು ಇನ್ನೂ ಕೆಂಪಾಗಿ, ಗಟ್ಟಿಯಾಗಿ, ಹದಗೆಟ್ಟ ಹಾಗೇ ಕಾಣುತ್ತೆ. ನಾಲ್ಕನೇ ತಿಂಗಳಲ್ಲಿ ನಾನು ಆಸೆ ಬಿಟ್ಟಿದ್ದೆ. ಬಿಸಿಲು ತಾಗಿದರೆ ಕಪ್ಪಾಗಿ ನಿಲ್ಲುತ್ತೆ, ತುಂಬು ತೋಳಿನ ಅಂಗಿ ಹಾಕಿಸಿ. ಈಗ ಅವನಿಗೆ ನಾಲ್ಕು ವರ್ಷ ದಾಟಿದೆ, ಮಣಿಕಟ್ಟಲ್ಲಿ ಒಂದು ಮಾಸಲು ಪಟ್ಟಿ ಇದೆ, ಅಷ್ಟೇ. ಮಗು ಬೆಳೆದ ವೇಗಕ್ಕೆ ಕಸಿ ಚರ್ಮ ಹಿಗ್ಗಲ್ಲ, ಎಳೆತ ಬಂದರೆ ಸಣ್ಣ ಆಪರೇಷನ್ ಬೇಕಾಗಬಹುದು ಅಂತ ವರ್ಷಕ್ಕೊಮ್ಮೆ ತೋರಿಸ್ತಿದ್ದೀವಿ.

"ತಪ್ಪು ನನ್ನದೇ" ಅಂತ ಬರೆದಿದ್ದೀರಿ. ಅದಕ್ಕೆ ಅತ್ತೆ ಬಗ್ಗೆ ಹೇಳಬೇಕು. ಅವರನ್ನ ಯಾರೂ ಏನೂ ಅನ್ನಲಿಲ್ಲ. ಆ ಮೌನವೇ ಅವರಿಗೆ ಬೈಗುಳವಾಯ್ತು ಅಂತ ನನಗೆ ತಡವಾಗಿ ಹೊಳೀತು. ಆರು ತಿಂಗಳು ಮೊಮ್ಮಗನನ್ನ ಎತ್ತಿಕೊಳ್ಳಲಿಲ್ಲ, ಇವನು ಹತ್ತಿರ ಹೋದರೆ "ನಿನ್ನಮ್ಮನ ಹತ್ರ ಹೋಗು ಪುಟ್ಟ" ಅನ್ನೋರು. ಒಂದು ದಿನ ನಾನೇ ಕ್ರೀಮ್ ಡಬ್ಬಿ ಅವರ ಕೈಗೆ ಕೊಟ್ಟು, "ಅತ್ತೆ, ನಂಗೆ ಆಫೀಸಿಗೆ ಹೊತ್ತಾಯ್ತು, ಇವನ ಕೈ ತೀಡಿಬಿಡಿ" ಅಂದೆ. ಹೊತ್ತೇನೂ ಆಗಿರಲಿಲ್ಲ. ಆಮೇಲಿನ ಒಂದು ವರ್ಷ ತೀಡಿದ್ದು ಅವರೇ, ನನಗಿಂತ ನೀಟಾಗಿ. ಗಂಜಿ ಪಾತ್ರೆ ಈಗ ಕಟ್ಟೆ ಮೇಲೆ, ಗೋಡೆ ಬದಿಗೆ ಆರುತ್ತೆ.

ನಾಳೆ ಡ್ರೆಸ್ಸಿಂಗ್‌ಗೆ ಹೋದಾಗ ಕಲೆ ಬಗ್ಗೆ ಕೇಳಬೇಡಿ, "ಆಳ ಎಲ್ಲಿದೆ, ಮೂರು ವಾರದಲ್ಲಿ ಮುಚ್ಚೋ ಲಕ್ಷಣ ಇದೆಯಾ" ಅಂತ ಕೇಳಿ, ಉತ್ತರ ಸಿಗುತ್ತೆ. ಮಗ ಬಲಗೈ ಪೂರ್ತಿ ಮೇಲಕ್ಕೆ ಎತ್ತುತ್ತಾನಾ ಅಂತಲೂ ಗಮನಿಸಿ, ನೋವಿಗೆ ಹೆದರಿ ಕೈಯನ್ನ ಮೈಗೆ ಒತ್ತಿಕೊಂಡೇ ಇದ್ದರೆ ಅದನ್ನೂ ಹೇಳಿ. ಏನಂದರು ಅಂತ ಇಲ್ಲೇ ಬರೀರಿ, ನೋಡ್ತಿರ್ತೀನಿ.