ಜಾವೇರ್ ಬರೆದಿಟ್ಟುಹೋದ ಹತ್ತು ಅಂಶಗಳು

ಪತ್ರ: ಮಾನ್ಯ ಸಂಪಾದಕರೇ, ವಿಕ್ಟರ್ ಹ್ಯೂಗೋನ ‘ಲೆ ಮಿಸೆರಾಬ್ಲ್’ ಕಾದಂಬರಿ ಕುರಿತು ತಾವು ಪ್ರಕಟಿಸಿದ ಲೇಖನ ಓದಿದೆ. ಎಲ್ಲರೂ ಕಳ್ಳ ಜಾನ್ ವಾಲ್‌ಜಾನ್‌ನನ್ನು ಕೊಂಡಾಡುತ್ತಾರೆ, ಕರ್ತವ್ಯ ಮಾಡಿದ ಪೊಲೀಸ್ ಅಧಿಕಾರಿ ಜಾವೇರ್‌ನನ್ನು ಖಳನಾಗಿಸುತ್ತಾರೆ. ತಮ್ಮ ಮನೆಯ ಬೆಳ್ಳಿ ಕದ್ದ ಅವನನ್ನು ಉಳಿಸಲು ಬಿಷಪ್ಪರು, ಅದನ್ನು ನಾನೇ ಕೊಟ್ಟೆನೆಂದು ಪೊಲೀಸರಿಗೆ ಸುಳ್ಳು ಹೇಳಿದ್ದು ಸರಿಯೇ? ‘ಒಳ್ಳೆಯವನಾಗುವುದು ಸುಲಭ, ನ್ಯಾಯವಂತನಾಗುವುದೇ ಕಷ್ಟ’ ಎಂದು ಜಾವೇರ್ ಹೇಳುವ ಮಾತೇ ಆ ಪುಸ್ತಕದ ಸಾರವೆಂದು ನನ್ನ ನಂಬಿಕೆ. ಕಣ್ಣೀರಿಗೆ ಕರಗುವ ಕಾನೂನು ಕಾನೂನೇ ಅಲ್ಲ. ಅಂದಹಾಗೆ, ಹೈಸ್ಕೂಲಿನಲ್ಲಿ ಓದುತ್ತಿರುವ ಮೊಮ್ಮಗಳಿಗೆ ಇದರ ಸಂಗ್ರಹ ಆವೃತ್ತಿಯನ್ನು ಕೊಡಿಸಬಹುದೇ?
— ನಿವೃತ್ತ ಶಿರಸ್ತೇದಾರರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ:

ಮಾನ್ಯರೇ, ತಮ್ಮ ಪತ್ರದಲ್ಲಿ ಒಪ್ಪಲೇಬೇಕಾದ ಮಾತೊಂದಿದೆ. ಅದನ್ನು ಮೊದಲೇ ಒಪ್ಪಿಬಿಡುತ್ತೇನೆ. ಜಾವೇರ್ ಲಂಚಕೋರನಲ್ಲ, ಹೇಡಿಯಲ್ಲ. ಮೇಯರ್ ಮಾದ್ಲೇನ್ ಹೆಸರು ಬದಲಿಸಿಕೊಂಡ ಹಳೆಯ ಕೈದಿ ಜಾನ್ ವಾಲ್‌ಜಾನ್ ಎಂದು ಮೇಲಿನವರಿಗೆ ದೂರು ಕೊಟ್ಟು, ಆ ದೂರು ಸುಳ್ಳೆಂದು ಮನವರಿಕೆಯಾದಾಗ, ಅದೇ ಮೇಯರ್ ಎದುರಿಗೆ ನಿಂತು ‘ನನ್ನನ್ನು ವಜಾ ಮಾಡಿ’ ಎಂದು ಕೇಳುವವನು ಅವನು. ತನಗೂ ರಿಯಾಯಿತಿ ಬೇಡವೆನ್ನುವ ಅಧಿಕಾರಿ ಗೌರವಕ್ಕೆ ಅರ್ಹ. ತಾವು ಎತ್ತಿ ಬರೆದ ಮಾತು ಅವನ ಬಾಯಿಂದ ಬರುವುದೂ ಆಗಲೇ.

ಆದರೆ ಅದೇ ಸಂಭಾಷಣೆಯಲ್ಲಿ ಅವನು ಇನ್ನೊಂದು ಮಾತನ್ನೂ ಹೇಳುತ್ತಾನೆ: ನಿಜವಾದ ವಾಲ್‌ಜಾನ್ ಸಿಕ್ಕಿದ್ದಾನೆ, ನಾನೇ ಅವನನ್ನು ಗುರುತಿಸಿದ್ದೇನೆ. ಹಾಗೆ ಸಿಕ್ಕಿದ್ದವನು ಕದ್ದದ್ದೆನ್ನಲಾದ ಸೇಬಿನ ಕೊಂಬೆಯೊಂದನ್ನು ಕೈಯಲ್ಲಿ ಹಿಡಿದಿದ್ದ ಶಾಂಮಾತ್ಯೂ ಎಂಬ ಬಡ ಮುದುಕ. ಮತ್ತೆ ಅಪರಾಧವೆಸಗಿದ ಹಳೆಯ ಕೈದಿಯೆಂದು ಸಾಬೀತಾದರೆ ಅವನಿಗೆ ಜೀವಾವಧಿ ಶಿಕ್ಷೆ ಕಾದಿತ್ತು. ನ್ಯಾಯವಂತನಾಗುವುದು ಕಷ್ಟವೆಂದು ಅಷ್ಟು ಚೆನ್ನಾಗಿ ಬಲ್ಲ ಅಧಿಕಾರಿಯೇ ತಪ್ಪು ಮನುಷ್ಯನನ್ನು ತೋರಿಸಿ ಸಾಕ್ಷಿ ನುಡಿದ. ಆ ಮುದುಕನನ್ನು ಉಳಿಸಿದ್ದು ಕಾನೂನಿನ ಬಿಗಿಯಲ್ಲ. ಆರಾಸ್ ನ್ಯಾಯಾಲಯಕ್ಕೆ ತಾನಾಗಿಯೇ ಬಂದು, ‘ನಾನೇ ವಾಲ್‌ಜಾನ್’ ಎಂದು ಹೇಳಿ, ಮೇಯರ್ ಪದವಿಯನ್ನೂ ಬಿಡುಗಡೆಯ ಬದುಕನ್ನೂ ಕಳೆದುಕೊಂಡ ಕಳ್ಳ.

ಇನ್ನು ಆ ದಿನ ಜ್ಯೂರಿಯಲ್ಲಿ ಯಾರು ಕುಳಿತಿದ್ದರೆಂಬುದನ್ನು ಗಮನಿಸಿ. ಹ್ಯೂಗೋ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುವುದರಿಂದ ಎಷ್ಟೋ ಓದುಗರು ಇದನ್ನು ದಾಟಿಬಿಡುತ್ತಾರೆ. ಜ್ಯೂರಿಯಲ್ಲಿದ್ದವರಲ್ಲಿ ಒಬ್ಬ ಬಾಮಾತಾಬ್ವಾ. 1823ರ ಜನವರಿಯ ಚಳಿಯಲ್ಲಿ, ಕೆಲಸ ಕಳೆದುಕೊಂಡು ಬೀದಿಗೆ ಬಿದ್ದ ಫಾಂತೀನ್ ಎಂಬ ಬಡ ತಾಯಿಯನ್ನು ಹೀಗಳೆಯುತ್ತ, ಹಿಂದಿನಿಂದ ಬಂದು ಅವಳ ಬೆನ್ನಿನೊಳಕ್ಕೆ ಹಿಮ ತುರುಕಿದ ಸೊಗಸುಗಾರ ಅವನೇ. ಅವಳು ತಿರುಗಿಬಿದ್ದಳು, ಪರಚಿದಳು. ಜಾವೇರ್ ಬಂದು ಅವಳೊಬ್ಬಳನ್ನೇ ಹಿಡಿದು ಆರು ತಿಂಗಳ ಸಜೆ ವಿಧಿಸಿದ; ಆ ಮಹಾಶಯ ಗದ್ದಲದಲ್ಲಿ ಜಾರಿಕೊಂಡ. ಮೇಯರ್ ಅವಳನ್ನು ಬಿಡಿಸಲು ಬಂದಾಗ ಜಾವೇರ್ ಕೊಟ್ಟ ಸಮಾಧಾನವೆಂದರೆ, ಆತ ಮತದಾನದ ಹಕ್ಕುಳ್ಳವನು, ಚೆಂದದ ಬಾಲ್ಕನಿಯಿರುವ ಮನೆಯ ಒಡೆಯ. ಇದನ್ನು ಕಣ್ಣೀರಿಗೆ ಕರಗದ ಕಾನೂನು ಎನ್ನುವಿರಾ? ಮನೆಯೊಡೆತನಕ್ಕೆ ಕರಗುವ ಕಾನೂನು ಇದು. ಜಾವೇರ್‌ನನ್ನು ಮೆಚ್ಚುವವರು ಬಿಗಿಯನ್ನು ಮೆಚ್ಚುತ್ತೇವೆಂದು ತಿಳಿದಿರುತ್ತಾರೆ; ಆ ಬಿಗಿ ಒಂದೇ ಕಡೆಗೆ ಬಿಗಿಯುತ್ತಿರುವುದು ಅವರ ಕಣ್ಣಿಗೆ ಬೀಳುವುದಿಲ್ಲ.

ಹ್ಯೂಗೋನ ಕಣ್ಣಿಗೆ ಅದು ಬಿದ್ದದ್ದು ಪುಸ್ತಕದಲ್ಲಲ್ಲ, ರಸ್ತೆಯಲ್ಲಿ. 1846ರ ಫೆಬ್ರುವರಿಯಲ್ಲಿ ಪ್ಯಾರಿಸಿನ ತುರ್ನೋ ಬೀದಿಯಲ್ಲಿ, ರೊಟ್ಟಿ ಕದ್ದವನೊಬ್ಬನನ್ನು ಇಬ್ಬರು ಸೈನಿಕರು ಎಳೆದೊಯ್ಯುವುದನ್ನು ಆತ ಕಂಡ. ಅಲ್ಲೇ ನಿಂತಿದ್ದ ಸಾರೋಟಿನಲ್ಲಿ ಸಿರಿವಂತ ಮಹಿಳೆಯೊಬ್ಬಳಿದ್ದಳು. ಕೈದಿ ಅವಳನ್ನು ನೋಡುತ್ತಿದ್ದ, ಅವಳಿಗೆ ಅವನು ಕಾಣಲೇ ಇಲ್ಲ. ಇದನ್ನು ಹ್ಯೂಗೋ ಬರೆದಿಟ್ಟುಕೊಂಡ. 1862ರಲ್ಲಿ ಹೊರಬಂದ ಕಾದಂಬರಿಯ ಕೆಲಸ ಆಗಲೇ ನಡೆದಿತ್ತು.

ತಾವು ಕಚೇರಿಯ ಕಡತಗಳನ್ನು ನೋಡಿದವರಾದ್ದರಿಂದ ಲೆಕ್ಕದ ಭಾಷೆಯಲ್ಲೇ ಹೇಳುತ್ತೇನೆ. ಕಾರ್ಖಾನೆಯಿಂದ ಹೊರದೂಡಲ್ಪಟ್ಟ ಫಾಂತೀನ್ ಅಂಗಿ ಹೊಲಿದು ದಿನಕ್ಕೆ ಹನ್ನೆರಡು ಸೂ (ಇಪ್ಪತ್ತು ಸೂ ಸೇರಿದರೆ ಒಂದು ಫ್ರಾಂಕು) ಗಳಿಸುತ್ತಿದ್ದಳು. ಆಮೇಲೆ ಜೈಲಿನ ಕೆಲಸ ಹಿಡಿದ ಗುತ್ತಿಗೆದಾರನೊಬ್ಬ ಕೈದಿಗಳಿಂದ ಅಗ್ಗವಾಗಿ ಹೊಲಿಸತೊಡಗಿದ್ದರಿಂದ ಹೊರಗಿನವರ ಕೂಲಿಯೂ ಬಿತ್ತು. ಹದಿನೇಳು ತಾಸಿನ ದುಡಿಮೆಗೆ ಒಂಬತ್ತು ಸೂ. ಮಗಳು ಕೋಸೆತ್‌ಳನ್ನು ಇಟ್ಟುಕೊಂಡಿದ್ದ ಹೋಟೆಲಿನವನು ಸುಳ್ಳು ಕಾಯಿಲೆಯ ನೆಪ ಹೇಳಿ ಹಣ ಕೇಳುತ್ತಲೇ ಇದ್ದ. ಹತ್ತು ಫ್ರಾಂಕಿಗೆ ಕೂದಲು ಹೋಯಿತು, ನಲವತ್ತಕ್ಕೆ ಮುಂದಿನ ಎರಡು ಹಲ್ಲು ಹೋದವು, ನೂರು ಕೇಳಿದಾಗ ಮೈ ಮಾರುವುದೊಂದೇ ಉಳಿಯಿತು. ಆರು ತಿಂಗಳ ಸಜೆ ಎಂದಾಗ ಅವಳು ಜಾವೇರ್‌ಗೆ ಹೇಳುವುದೂ ಲೆಕ್ಕವನ್ನೇ: ಜೈಲಿನಲ್ಲಿ ದಿನಕ್ಕೆ ಏಳೇ ಸೂ ಸಿಗುವುದು, ನಾನು ನೂರು ಫ್ರಾಂಕು ಕಟ್ಟಬೇಕು. ಅವಳ ಕೂಲಿಯನ್ನು ಕಸಿದವನು, ಹಲ್ಲು ಕೊಂಡವನು, ಸುಳ್ಳು ಪತ್ರ ಬರೆದವನು ಯಾರೂ ಕಟಕಟೆಗೆ ಬರುವುದಿಲ್ಲ. ಬರುವವಳು ಅವಳೊಬ್ಬಳೇ.

ಹಾಗಾದರೆ ಜಾವೇರ್‌ಗೆ ಇದೊಂದೂ ತಿಳಿದಿರಲಿಲ್ಲವೇ? ತಿಳಿದಿತ್ತು. ಇದು ನಾನು ತಮಗೆ ಮುಖ್ಯವಾಗಿ ಹೇಳಬೇಕೆಂದಿರುವ ಸಂಗತಿ. 1832ರ ಜೂನ್‌ನ ಪ್ಯಾರಿಸ್ ದಂಗೆಯಲ್ಲಿ ತನ್ನ ಪ್ರಾಣ ಉಳಿಸಿದ ವಾಲ್‌ಜಾನ್‌ನನ್ನು ಬಿಟ್ಟುಕಳಿಸಿ, ಸೇನ್ ನದಿಗೆ ಹಾರಿ ಪ್ರಾಣ ಬಿಡುವ ಮುನ್ನ ಜಾವೇರ್ ಪೊಲೀಸ್ ಠಾಣೆಯೊಂದಕ್ಕೆ ಹೋಗಿ, ಕಾಗದ ತೆಗೆದುಕೊಂಡು, ಇಲಾಖೆಯ ಹಿತಕ್ಕಾಗಿ ಹತ್ತು ಅಂಶಗಳನ್ನು ಬರೆದಿಡುತ್ತಾನೆ. ಅವುಗಳಲ್ಲಿ ಮೂರು ಹೀಗಿವೆ: ತಪಾಸಣೆಯ ಹೊತ್ತಿಗೆ ಕೈದಿಗಳು ಬರಿಗಾಲಲ್ಲಿ ಕಲ್ಲುಹಾಸಿನ ಮೇಲೆ ನಿಲ್ಲಬೇಕಾಗಿದೆ, ಹಲವರು ಮರಳಿದ ಮೇಲೆ ಕೆಮ್ಮುತ್ತಾರೆ. ನೇಯ್ಗೆಯಲ್ಲಿ ಒಂದು ಎಳೆ ತಪ್ಪಿದರೆ ಕೈದಿಯಿಂದ ಹತ್ತು ಸೂ ಕಡಿಯುತ್ತಾರೆ, ಬಟ್ಟೆಗೆ ಅದರಿಂದ ಕೊರತೆಯಿಲ್ಲ, ಇದು ಗುತ್ತಿಗೆದಾರನ ಅನ್ಯಾಯ. ಸಂದರ್ಶಕರು ಬಂದಾಗ ಕೈದಿಯ ಹೆಸರನ್ನು ಸ್ಪಷ್ಟವಾಗಿ ಕೂಗಲು ಎರಡು ಸೂ ವಸೂಲು ಮಾಡುತ್ತಾರೆ, ಇದು ಕಳ್ಳತನ. ಒಂದೂ ಆವೇಶದ ಮಾತಿಲ್ಲ, ಅಕ್ಷರ ದುಂಡಗಿದೆ, ಕೆಳಗೆ ಸಹಿ ಇದೆ. ಇಷ್ಟು ವರ್ಷ ಇದನ್ನೆಲ್ಲ ಕಂಡವನು ಒಮ್ಮೆಯೂ ಮೇಲಕ್ಕೆ ಬರೆಯಲಿಲ್ಲ. ದಯೆ ಒಳಹೊಕ್ಕ ರಾತ್ರಿಯೇ ಅವನ ಕಣ್ಣಿಗೆ ನ್ಯಾಯವೂ ಕಂಡಿತು. ದಯೆ ನ್ಯಾಯವನ್ನು ಸಡಿಲಿಸುತ್ತದೆ ಎನ್ನುವವರಿಗೆಲ್ಲ ನಾನು ಈ ಪುಟವನ್ನು ತೋರಿಸುತ್ತೇನೆ.

ಬಿಷಪ್ ಮಿರಿಯೆಲ್ಲರ ಸುಳ್ಳಿನ ವಿಚಾರವನ್ನು ಬೇಗ ಮುಗಿಸಬಹುದು. ಬೆಳ್ಳಿ ಕಾಣೆಯಾದ ಬೆಳಿಗ್ಗೆ, ಪೊಲೀಸರು ಬರುವುದಕ್ಕೂ ಮುಂಚೆಯೇ, ಅವರು ಮನೆಯವರಿಗೆ ಹೇಳಿದ್ದರು: ಅದನ್ನು ಬಹುಕಾಲದಿಂದ ನಾನು ತಪ್ಪಾಗಿ ಇಟ್ಟುಕೊಂಡಿದ್ದೆ, ಅದು ಬಡವರದು. ಹದಿನೈದು ಸಾವಿರ ಫ್ರಾಂಕು ಸಂಬಳದಲ್ಲಿ ಒಂದು ಸಾವಿರವನ್ನಷ್ಟೇ ತನಗೆ ಉಳಿಸಿಕೊಳ್ಳುತ್ತಿದ್ದವರ ಬಾಯಲ್ಲಿ ಆ ಮಾತು ನೆಪವಲ್ಲ. ನ್ಯಾಯಪೀಠವೂ ಹಾಗೆ ಮಾತಾಡಬಲ್ಲದೆಂಬುದಕ್ಕೆ ಇತಿಹಾಸದಲ್ಲೇ ಉದಾಹರಣೆಯಿದೆ. 1898ರಲ್ಲಿ ಶಾತೋ-ತಿಯೆರಿಯ ನ್ಯಾಯಾಧೀಶ ಪೋಲ್ ಮಾನ್ಯೋ, ಮೂವತ್ತಾರು ತಾಸು ಉಪವಾಸವಿದ್ದು ಮಗುವಿಗಾಗಿ ರೊಟ್ಟಿ ಕದ್ದ ಲೂಯಿಸ್ ಮೆನಾರ್ ಎಂಬ ತಾಯಿಯನ್ನು ಖುಲಾಸೆ ಮಾಡಿದ. ಸುವ್ಯವಸ್ಥಿತ ಸಮಾಜದಲ್ಲಿ ತಾಯಿಯೊಬ್ಬಳು ತನ್ನ ತಪ್ಪಿಲ್ಲದೆ ರೊಟ್ಟಿಗೆ ಗತಿಯಿಲ್ಲದಂತಾಗುವುದು ವಿಷಾದಕರ ಎಂಬ ಅರ್ಥದ ಮಾತನ್ನು ತೀರ್ಪಿನಲ್ಲೇ ಬರೆದ. ಮೇಲ್ಮನವಿಯಲ್ಲೂ ಆ ಖುಲಾಸೆ ಉಳಿಯಿತು. ಫ್ರಾನ್ಸಿನ ಕಾನೂನು ಅದರಿಂದ ಕುಸಿಯಲಿಲ್ಲ.

ಕಡೆಯದಾಗಿ ಸಂಗ್ರಹ ಆವೃತ್ತಿಯ ಮಾತು. ಇದರ ಬಗ್ಗೆ ನನಗೆ ಬಹಳ ಕಾಲದ ಸಂಕಟವಿದೆ. ನಮ್ಮಲ್ಲಿ ಅನೇಕರಿಗೆ ಈ ಕಾದಂಬರಿ ತಲುಪಿರುವುದು ಶಾಲೆಯ ಇಂಗ್ಲಿಷ್ ಪಠ್ಯದ ಪುಟ್ಟ ನಾಟಕವಾಗಿ: ಬಿಷಪ್, ಬೆಳ್ಳಿ ದೀಪಸ್ತಂಭ, ಕಳ್ಳನ ಪರಿವರ್ತನೆ, ತೆರೆ. ಒಬ್ಬ ಪುಣ್ಯಾತ್ಮ ಕರುಣೆ ತೋರಿದ್ದಷ್ಟೇ ಉಳಿದು, ಹನ್ನೆರಡು ಸೂ ಒಂಬತ್ತಾದದ್ದು, ಗುತ್ತಿಗೆದಾರ, ಜ್ಯೂರಿಯಲ್ಲಿ ಕುಳಿತ ಸೊಗಸುಗಾರ, ಹತ್ತು ಅಂಶಗಳ ಕಾಗದ ಎಲ್ಲವೂ ಕತ್ತರಿಗೆ ಸಿಕ್ಕಿ ಹೋಗಿವೆ. ಕತೆಗೆ ತೊಡಕೆಂದು ಸಂಗ್ರಹಕಾರರು ತೆಗೆದುಹಾಕುವ ಪುಟಗಳೇ ಹ್ಯೂಗೋ ಬರೆಯಲು ಕುಳಿತ ಕಾರಣ. ತಮ್ಮಂಥ ಪ್ರಾಮಾಣಿಕ ಓದುಗರೂ ಜಾವೇರ್‌ನನ್ನು ಅರೆಬರೆಯಾಗಿ ಕಾಣಲು ಈ ಕತ್ತರಿಯೇ ಕಾರಣವೆಂದು ನಾನು ಭಾವಿಸುತ್ತೇನೆ.

ಆದ್ದರಿಂದ ಸಂಗ್ರಹ ಬೇಡ. ಐದು ಭಾಗಗಳೂ ಒಟ್ಟಿಗೆ ಭಾರವೆನಿಸಿದರೆ ‘ಫಾಂತೀನ್’ ಎಂಬ ಮೊದಲ ಭಾಗವನ್ನಾದರೂ ಒಂದು ಸಾಲೂ ಬಿಡದಂತೆ ಮೊಮ್ಮಗಳ ಕೈಗೆ ಕೊಡಿ. ಹಲ್ಲು ಮಾರುವ ಪುಟಗಳು ಎಳೆಯರಿಗೆ ತಕ್ಕುದಲ್ಲವೆಂದು ಮರೆಮಾಡಬೇಡಿ. ಕೋಸೆತ್ ಐದು ವರ್ಷ ತುಂಬುವ ಮೊದಲೇ ಪರರ ಮನೆಯ ಕಸ ಗುಡಿಸುತ್ತಿದ್ದಳು. ಮೊಮ್ಮಗಳು ಓದಿ ಮುಗಿಸಿದ ಮೇಲೆ ಜಾವೇರ್ ಕುರಿತು ಅಜ್ಜನಿಗೂ ಮೊಮ್ಮಗಳಿಗೂ ನಡೆಯುವ ವಾದವನ್ನು ಬರೆದು ಕಳಿಸಿ, ಇದೇ ಅಂಕಣದಲ್ಲಿ ಪ್ರಕಟಿಸುತ್ತೇವೆ.