‘ಅದು ಲೆಕ್ಕಕ್ಕಿಲ್ಲ’ ಅಂತ ಬರೆದಿದ್ದೀರಿ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ನಾಲ್ಕು ಸಲ ಓದಿದೆ. ನಾಲ್ಕನೇ ಸಲ ಓದುವಾಗ ಕೋಪವೂ ಬಂತು, ಸಂಕಟವೂ ಆಯಿತು. ಬೇರೆ ಪತ್ರಗಳನ್ನು ಪಕ್ಕಕ್ಕಿಟ್ಟು ಇದಕ್ಕೇ ಉತ್ತರ ಬರೆಯುತ್ತಿದ್ದೇನೆ.

ಬರೆದವರಿಗೆ 28 ವರ್ಷ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ಕೆಲಸ. ಬೆಂಗಳೂರಿನಲ್ಲಿ ಅಕ್ಕ ಭಾವನ ಮನೆಯಲ್ಲೇ ಇದ್ದಾರೆ. ಎರಡು ವರ್ಷದಿಂದ ಫೋನಿನಲ್ಲಿ ಪೋಕರ್ ಅನ್ನುವ ಇಸ್ಪೀಟಾಟ ಆಡುತ್ತಿದ್ದಾರೆ. ದುಡ್ಡು ಕಟ್ಟಿ ಆಡುವುದಲ್ಲ, ದುಡ್ಡಿನ ಬದಲಿಗೆ ಆ್ಯಪ್ ಪುಕ್ಕಟೆ ಕೊಡುವ ಬಿಲ್ಲೆಗಳಲ್ಲಿ, ಅಂದರೆ ಚಿಪ್ಸ್‌ನಲ್ಲಿ. ಈಗ ಅವರ ಹತ್ತಿರ 4 ಕೋಟಿ ಚಿಪ್ಸ್ ಇವೆಯಂತೆ. ಅದನ್ನು ನೋಡಿದ ಭಾವ, ‘ಇಷ್ಟು ಚೆನ್ನಾಗಿ ಆಡ್ತೀಯ, ಸುಮ್ನೆ ಯಾಕೆ ವೇಸ್ಟ್ ಮಾಡ್ಕೋತೀಯ? ನಿಜವಾದ ದುಡ್ಡಿಗೆ ಆಡು. ನಂಗೊಂದು ಕ್ಲಬ್ ಗೊತ್ತು, ನಾನೇ ಸೇರಿಸ್ತೀನಿ’ ಅಂದಿದ್ದಾರೆ. ಇವರ ಉಳಿತಾಯ 50,000 ರೂಪಾಯಿ ಇದೆ. ಪೂರ್ತಿ ಹಾಕಲೋ, ಮೊದಲು 10,000 ಹಾಕಿ ನೋಡಲೋ ಎಂಬುದು ಇವರ ಪ್ರಶ್ನೆ. ‘ಅಕ್ಕನಿಗೆ ಹೇಳೋದು ಬೇಡ, ಸುಮ್ನೆ ಟೆನ್ಷನ್ ಮಾಡ್ಕೋತಾಳೆ’ ಅಂತ ಭಾವ ಹೇಳಿದ್ದು ಮಾತ್ರ ಸ್ವಲ್ಪ ಕಸಿವಿಸಿ ಆಗಿದೆಯಂತೆ.

ಪತ್ರ ಮೂರು ಪುಟ ಇದೆ. ಎರಡು ಪುಟ ಎಲೆಗಳ ವಿಷಯವೇ. ಯಾವ ಕೈಯಲ್ಲಿ (ಒಂದು ಸುತ್ತಿನ ಆಟಕ್ಕೆ ಹಾಗಂತಾರೆ) ಹೇಗೆ ಗೆದ್ದೆ, ಯಾರನ್ನು ಹೇಗೆ ಏಮಾರಿಸಿದೆ ಅಂತ. ಅದರ ನಡುವೆ ಒಂದೇ ಒಂದು ಸಾಲು ಹೀಗಿದೆ: ‘ರಾತ್ರಿ ಚಿಪ್ಸ್ ಖಾಲಿಯಾದಾಗ ಒಮ್ಮೊಮ್ಮೆ 89 ರೂಪಾಯಿಯೋ 449 ರೂಪಾಯಿಯೋ ಕೊಟ್ಟು ಪ್ಯಾಕ್ ತಗೊಂಡಿದ್ದೇನೆ, ಅದು ಲೆಕ್ಕಕ್ಕಿಲ್ಲ.’

ತಮ್ಮಾ, ನನ್ನನ್ನು ತಡೆದು ನಿಲ್ಲಿಸಿದ್ದು ಈ ಸಾಲು.

ದಿನವಿಡೀ ಬೇರೆಯವರ ವೋಚರ್, ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡುವವರು ನೀವು. ಹತ್ತು ರೂಪಾಯಿ ವ್ಯತ್ಯಾಸ ಬಂದರೂ ಮನೆಗೆ ಹೋಗುವಂತಿಲ್ಲ, ಅಲ್ವಾ? ಅಂಥವರು ಸ್ವಂತ ಜೇಬಿನಿಂದ ಹೋದ ದುಡ್ಡನ್ನು ‘ಲೆಕ್ಕಕ್ಕಿಲ್ಲ’ ಅಂತ ಬರೆಯುವುದು ಹೇಗೆ ಸಾಧ್ಯವಾಯಿತು? ಆ ಚಿಪ್ಸ್ ಕೊಳ್ಳುವುದಕ್ಕೆ ಮಾತ್ರ ಬರುತ್ತದೆ, ಮಾರುವುದಕ್ಕೆ ಬರುವುದಿಲ್ಲ. ನಾಲ್ಕು ಕೋಟಿ ಇದ್ದರೂ ಅದರಿಂದ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಸಿಗುವುದಿಲ್ಲ. ಪುಕ್ಕಟೆ ಚಿಪ್ಸ್ ಮತ್ತೆ ಬರಲು ಕೆಲವು ಗಂಟೆ ಕಾದರೆ ಸಾಕಿತ್ತು. ನಿಮಗೆ ಆ ಹೊತ್ತಿನಲ್ಲಿ ಕಾಯಲು ಆಗಲಿಲ್ಲ. ಆಟದಿಂದ ದುಡ್ಡಿಗೆ ಹೋಗಲೋ ಬೇಡವೋ ಅಂತ ನನ್ನನ್ನು ಕೇಳಿದ್ದೀರಿ. ನೀವು ಯಾವತ್ತೋ ಹೋಗಿಬಿಟ್ಟಿದ್ದೀರಿ. ಅದೂ ಗೆದ್ದರೂ ಏನೂ ವಾಪಸ್ ಬಾರದ ಕಡೆಗೆ.

ಇನ್ನೊಂದು ಮಾತೂ ಆ ಸಾಲಿನಲ್ಲೇ ಇದೆ. ‘ಖಾಲಿಯಾದಾಗ’ ಅಂದಿದ್ದೀರಿ. ಖಾಲಿಯಾಯಿತು ಅಂದರೆ ಇದ್ದದ್ದನ್ನೆಲ್ಲ ಸೋತಿರಿ. ‘ಒಮ್ಮೊಮ್ಮೆ’ ಅಂದರೆ ಒಂದು ಸಲ ಅಲ್ಲ. ಹಾಗಿದ್ದರೆ ಆ 4 ಕೋಟಿಯಲ್ಲಿ ಗೆದ್ದದ್ದೆಷ್ಟು, ಕೊಂಡದ್ದೆಷ್ಟು, ಆ್ಯಪ್ ದಿನಾ ಬೆಳಿಗ್ಗೆ ಬೋನಸ್ ಅಂತ ಕೊಟ್ಟದ್ದೆಷ್ಟು? ಭಾವ ಇದನ್ನು ಕೇಳಲಿಲ್ಲ. ನೀವೂ ಕೇಳಿಕೊಂಡಿಲ್ಲ.

ನನಗೆ ಇಸ್ಪೀಟು ಗೊತ್ತಿಲ್ಲದೆ ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ನಮ್ಮಪ್ಪ ಊರಿನ ಕ್ಲಬ್‌ನಲ್ಲಿ ರಮ್ಮಿ ಆಡುತ್ತಿದ್ದರು. ಗೆದ್ದ ದಿನ ಮನೆಗೆ ಮೈಸೂರುಪಾಕಿನ ಪೊಟ್ಟಣ ಬರುತ್ತಿತ್ತು. ಸೋತ ದಿನ ಅಪ್ಪ ಊಟ ಬೇಡ ಅಂತ ಬೇಗ ಮಲಗುತ್ತಿದ್ದರು. ಮಕ್ಕಳಾದ ನಮಗೆ ಮೈಸೂರುಪಾಕು ಮಾತ್ರ ನೆನಪಿರುತ್ತಿತ್ತು. ಅಮ್ಮ ಮಾತ್ರ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಅಪ್ಪ ಬೇಗ ಮಲಗಿದ ದಿನಗಳಿಗೂ ಒಂದು ಸಣ್ಣ ಚುಕ್ಕೆ ಇಡುತ್ತಿದ್ದರು. ವರ್ಷದ ಕೊನೆಗೆ ಆ ಕ್ಯಾಲೆಂಡರನ್ನು ಅಪ್ಪನ ಮುಂದೆ ಇಟ್ಟರು. ಒಂದು ಮಾತೂ ಆಡಲಿಲ್ಲ. ಅಪ್ಪ ಕೂತು ಚುಕ್ಕೆ ಎಣಿಸಿದ್ದನ್ನು ನಾನು ನೋಡಿದ್ದೇನೆ. ಬರೆದಿಡಿ, ಕೈಯಾರೆ ಬರೆದಿಡಿ ಅಂತ ಈ ಅಂಕಣದಲ್ಲಿ ಎಲ್ಲರಿಗೂ ಹೇಳುತ್ತಿರುತ್ತೇನಲ್ಲ, ಅದು ಅಲ್ಲಿಂದ ಬಂದದ್ದು.

ಪೋಕರ್‌ನಲ್ಲಿ ಕೌಶಲ ಇದೆ. ಅದನ್ನು ಒಪ್ಪುತ್ತೇನೆ. ಆದರೆ ಪುಕ್ಕಟೆ ಚಿಪ್ಸ್‌ನ ಮೇಜಿನಲ್ಲಿ ಕಲಿತದ್ದು ದುಡ್ಡಿನ ಮೇಜಿನಲ್ಲಿ ತಿರುಗಿ ಹೊಡೆಯುತ್ತದೆ. ಪುಕ್ಕಟೆ ಮೇಜಿನಲ್ಲಿ ಯಾರಿಗೂ ಕಳೆದುಕೊಳ್ಳುವುದಕ್ಕೆ ಏನೂ ಇಲ್ಲ. ಎಂಥ ಎಲೆ ಬಂದರೂ ಆಲ್-ಇನ್ ಅಂತ ಇದ್ದ ಚಿಪ್ಸನ್ನೆಲ್ಲ ಕಟ್ಟಿಬಿಡುತ್ತಾರೆ. ಯಾರೂ ಫೋಲ್ಡ್ ಮಾಡುವುದಿಲ್ಲ, ಅಂದರೆ ಎಲೆ ಕೆಳಗಿಟ್ಟು ಆ ಕೈ ಬಿಡುವುದಿಲ್ಲ. ಅಲ್ಲಿ ಒಳ್ಳೆಯ ಎಲೆ ಬರುವವರೆಗೆ ತಾಳ್ಮೆಯಿಂದ ಕಾದರೆ ಸಾಕು, ಎದುರಿನವರು ತಾವಾಗಿಯೇ ಚಿಪ್ಸ್ ತಂದು ಸುರಿಯುತ್ತಾರೆ. ದುಡ್ಡಿನ ಮೇಜಿನಲ್ಲಿ ನೀವು ಕಾದು ಕಾದು ಒಮ್ಮೆ ಜೋರಾಗಿ ಕಟ್ಟಿದ ಕೂಡಲೇ ಎಲ್ಲರೂ ಎಲೆ ಕೆಳಗಿಡುತ್ತಾರೆ. ಯಾರಾದರೂ ಇಡದೆ ಎದುರು ನಿಂತರೆ, ಬಹುಪಾಲು ಅವರ ಕೈಯಲ್ಲಿ ನಿಮಗಿಂತ ಒಳ್ಳೆಯ ಎಲೆ ಇರುತ್ತದೆ.

ಎರಡು ಎಕ್ಕ ಬಂದಾಗ ಕಣ್ಣುಮುಚ್ಚಿ ಆಲ್-ಇನ್ ಮಾಡುತ್ತೇನೆ ಅಂತ ಹೆಮ್ಮೆಯಿಂದ ಬರೆದಿದ್ದೀರಿ. ಮೊದಲ ಎರಡು ಎಲೆಯಲ್ಲಿ ಎರಡೂ ಎಕ್ಕ ಬರುವುದು ಸರಾಸರಿ 221 ಕೈಗೆ ಒಂದು ಸಲ. ಎದುರಿನವನ ಕೈಯಲ್ಲಿ ಎರಡು ರಾಜ ಇದ್ದರೂ, ಐದರಲ್ಲಿ ಸುಮಾರು ಒಂದು ಸಲ ನಿಮ್ಮ ಎಕ್ಕವೇ ಸೋಲುತ್ತದೆ. ಚಿಪ್ಸ್ ಹೋದಾಗ ‘ಅಯ್ಯೋ’ ಅಂದು ಮುಂದಿನ ಆಟಕ್ಕೆ ಹೋಗಿರುತ್ತೀರಿ. ಒಂದು ತಿಂಗಳ ಸಂಬಳದಷ್ಟು ಹಾಗೆ ಹೋದರೆ ಅದೇ ತಲೆ, ಅದೇ ಕೈ ಇರುವುದಿಲ್ಲ. ಹೋದದ್ದನ್ನು ಈ ರಾತ್ರಿಯೇ ವಾಪಸ್ ತರಬೇಕು ಅನ್ನಿಸುತ್ತದೆ. 449 ರೂಪಾಯಿ ಕೊಟ್ಟ ರಾತ್ರಿಗಳಲ್ಲಿ ನಿಮಗೆ ಆಗಿದ್ದೂ ಇದೇ. ರಾತ್ರಿ ಹನ್ನೊಂದರ ಮೇಲೆ ದುಡ್ಡಿನ ತೀರ್ಮಾನ ತೆಗೆದುಕೊಳ್ಳಬೇಡಿ ಅಂತ ನಾನು ಸಾಲ ಮಾಡಿಕೊಂಡವರಿಗೆ, ಜಗಳ ಆಡಿಕೊಂಡವರಿಗೆ ಎಲ್ಲರಿಗೂ ಹೇಳುತ್ತೇನೆ. ನಿಮಗೂ ಹೇಳುತ್ತಿದ್ದೇನೆ.

ಮೇಜು ನಡೆಸುವವನ ಪಾಲನ್ನಂತೂ ನೀವು ಎಲ್ಲೂ ಎತ್ತಿಲ್ಲ. ಅದನ್ನು ರೇಕ್ ಅಂತಾರೆ. ಅಕೌಂಟ್ಸ್‌ನವರಲ್ವಾ, ಲೆಕ್ಕ ಹಾಕೋಣ. ಆರು ಜನ ತಲಾ 5,000 ತಂದು ಕೂತರು ಅನ್ನಿ. ಮೇಜಿನ ಮೇಲೆ 30,000. ಒಂದು ಕೈಯಲ್ಲಿ ಎಲ್ಲರೂ ಕಟ್ಟಿದ ಒಟ್ಟು ದುಡ್ಡಿಗೆ ಪಾಟ್ ಅಂತಾರೆ. ಗಂಟೆಗೆ 40 ಪಾಟ್, ಸರಾಸರಿ 400 ರೂಪಾಯಿಯದು, ಒಂದೊಂದರಿಂದಲೂ ನೂರಕ್ಕೆ ಐದು ಕತ್ತರಿಸಿದರೆ ಗಂಟೆಗೆ 800 ರೂಪಾಯಿ. ಮೂರು ಗಂಟೆಗೆ 2,400. ಯಾರು ಗೆದ್ದರೂ ಯಾರು ಸೋತರೂ, ಎದ್ದು ಹೋಗುವಾಗ ಆರೂ ಜನರ ಹತ್ತಿರ ಸೇರಿ 27,600 ಮಾತ್ರ ಇರುತ್ತದೆ. ಆ ಮೇಜಿನಲ್ಲಿ ಹೊಸ ದುಡ್ಡು ಹುಟ್ಟುವುದಿಲ್ಲ. ಚೆನ್ನಾಗಿ ಆಡುವವನಿಗೆ ಲಾಭ ಬರಬೇಕಾದರೆ ಯಾರಾದರೂ ಹೊಸಬರು ಬಂದು ಕೂರಲೇಬೇಕು. ಈಗ ಆ ಹೊಸಬರು ನೀವು.

ಭಾವ ನಿಮ್ಮನ್ನು ಕರೆಯುತ್ತಿರುವುದೂ ಅದಕ್ಕೇ ಅಂತ ನನಗೆ ಅನುಮಾನ. ಈ ಮಾತು ನಿಮಗೆ ಇಷ್ಟವಾಗುವುದಿಲ್ಲ, ಗೊತ್ತು.

‘ಕೌಶಲದ ಆಟ ಅಂತ ಕೋರ್ಟೇ ಹೇಳಿದೆಯಂತೆ, ಭಾವ ಹೇಳಿದರು’ ಅಂತ ಬರೆದಿದ್ದೀರಿ. ಭಾವ ಅರ್ಧ ಕಥೆ ಹೇಳಿದ್ದಾರೆ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರವರಿಯಲ್ಲಿ ನಮ್ಮ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಇಲ್ಲಿಯವರೆಗೆ ಸರಿ. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಒಂದು ಕಾಯ್ದೆ ಪಾಸು ಮಾಡಿತು. ಆಗಸ್ಟ್ 22ಕ್ಕೆ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಕೌಶಲವೋ ಅದೃಷ್ಟವೋ ಅನ್ನುವ ಪ್ರಶ್ನೆಯನ್ನೇ ಅದು ಪಕ್ಕಕ್ಕಿಟ್ಟಿದೆ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟ ಯಾವುದೇ ಆದರೂ ನಡೆಸುವಂತಿಲ್ಲ. ನಡೆಸಿದರೆ ಮೂರು ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಅದಕ್ಕೆ ನೆರವಾಗುವುದು, ಜನರನ್ನು ಪುಸಲಾಯಿಸುವುದು ಕೂಡ ನಿಷಿದ್ಧ. ಬರೀ ಆಡಿದವರಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಟ್ಟಿಲ್ಲ, ನಿಜ. ಆದರೆ ದೊಡ್ಡ ದೊಡ್ಡ ಕಂಪನಿಗಳೇ ದುಡ್ಡಿನ ಆಟ ನಿಲ್ಲಿಸಿದ ಮೇಲೆ ಭಾವನಿಗೆ ಗೊತ್ತಿರುವ ‘ಕ್ಲಬ್’ ಎಂಥದ್ದು ಅಂತ ಯೋಚಿಸಿ.

ನೀವೇ ಬರೆದ ಪ್ರಕಾರ ಅದರ ಕ್ರಮ ಹೀಗಿದೆ. ಆ್ಯಪ್‌ನಲ್ಲಿ ಬರೀ ಚಿಪ್ಸ್ ಕಾಣುತ್ತವೆ. ದುಡ್ಡನ್ನು ಏಜೆಂಟ್ ಒಬ್ಬನ ಯುಪಿಐಗೆ ಕಳಿಸಬೇಕು. ಅವನು ಚಿಪ್ಸ್ ಹಾಕುತ್ತಾನೆ. ಪ್ರತಿ ಸೋಮವಾರ ಲೆಕ್ಕ ಚುಕ್ತಾ. ಇಂಥ ಕಡೆ ಏಜೆಂಟರಿಗೆ ರೇಕ್‌ನಲ್ಲಿ ಪಾಲು ಇರುತ್ತದೆ. ಹೊಸಬರನ್ನು ಕರೆತಂದವರಿಗೂ ಕೊಡುವುದುಂಟು. ನೀವು ಗೆದ್ದರೂ ಸೋತರೂ ಆ ಪಾಲು ನಿಲ್ಲುವುದಿಲ್ಲ. ಏಜೆಂಟ್ ಒಂದು ಸೋಮವಾರ ಫೋನ್ ಎತ್ತದಿದ್ದರೆ ಯಾರನ್ನು ಕೇಳುತ್ತೀರಿ? ಯಾವ ಪೊಲೀಸ್ ಠಾಣೆಯಲ್ಲಿ ಏನಂತ ಹೇಳುತ್ತೀರಿ? ಅವನು ಫೋನ್ ಎತ್ತಿ, ಗೆದ್ದ ದುಡ್ಡನ್ನು ಸರಿಯಾಗಿ ಕಳಿಸಿದರೂ ಅಪಾಯ ತಪ್ಪುವುದಿಲ್ಲ. ಅದು ನೀವು ಮುಖವನ್ನೇ ನೋಡದ ಯಾರದೋ ಖಾತೆಯಿಂದ ಬಂದಿರುತ್ತದೆ. ಆ ಖಾತೆಯ ಮೇಲೆ ಇನ್ಯಾವುದೋ ರಾಜ್ಯದಲ್ಲಿ ಸೈಬರ್ ವಂಚನೆಯ ದೂರು ಇದ್ದರೆ ನಿಮ್ಮ ಸಂಬಳದ ಖಾತೆಯೂ ಫ್ರೀಜ್ ಆಗಬಹುದು. ಆಮೇಲೆ ಅದನ್ನು ಬಿಡಿಸಲು ಅಲೆಯಬೇಕಾದವರು ನೀವೇ.

ಒಬ್ಬ ಗಂಡಸು ಹೆಂಡತಿಯ ತಮ್ಮನನ್ನು ಕೂರಿಸಿಕೊಂಡು, ‘ಉಳಿಸಿದ ದುಡ್ಡು ತಾ, ನಿನ್ನ ಅಕ್ಕನಿಗೆ ಹೇಳಬೇಡ’ ಅಂತಾನಲ್ಲ, ಅವರ ಮೇಲೆ ನನಗೆ ಸ್ವಲ್ಪವೂ ಕನಿಕರ ಇಲ್ಲ. ನಿಮ್ಮನ್ನು ಮನೆಯಲ್ಲಿಟ್ಟುಕೊಂಡಿದ್ದಾರೆ, ಅನ್ನ ಹಾಕಿದ್ದಾರೆ, ಆ ಋಣ ಇದೆ ಅಂತೀರಿ. ಇರಲಿ. ಆ ಅನ್ನ ಬೇಯಿಸಿದವರು ಯಾರು? ಬೆಳಿಗ್ಗೆ ಐದೂವರೆಗೆ ಎದ್ದು ನಿಮ್ಮಿಬ್ಬರಿಗೂ ಡಬ್ಬಿ ಕಟ್ಟಿ, ಆಮೇಲೆ ತಾನೂ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ ಅಂತ ನೀವೇ ಬರೆದಿದ್ದೀರಿ. ಇಡೀ ಪತ್ರದಲ್ಲಿ ನನಗೆ ಹೆಚ್ಚು ಸಂಕಟ ತಂದದ್ದು ಆ ಅಕ್ಕನ ವಿಷಯ. ಭಾವ ಎಷ್ಟು ದಿನದಿಂದ ಆಡುತ್ತಿದ್ದಾರೆ, ಎಷ್ಟು ಕಳೆದಿದ್ದಾರೆ ಅನ್ನುವುದು ಅವರಿಗೆ ಗೊತ್ತಿದೆಯೋ ಇಲ್ಲವೋ. ‘ಟೆನ್ಷನ್ ಮಾಡ್ಕೋತಾಳೆ’ ಅನ್ನುವ ಮಾತು ಕೇಳಿದರೆ ಗೊತ್ತಿಲ್ಲ ಅಂತಲೇ ಅನ್ನಿಸುತ್ತದೆ. ಮನೆಯಲ್ಲಿ ಊಟ ಬಡಿಸುವವರಿಗೆ ಹೇಳಲಾಗದ ಖರ್ಚನ್ನು ಮಾಡಲೇಬಾರದು. ಇದನ್ನು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ಇನ್ನೂ ಅಷ್ಟು ಸಲ ಬರೆಯಲು ಸಿದ್ಧ.

50,000ವೋ 10,000ವೋ ಅಂತ ಕೇಳಿದ್ದಕ್ಕೆ ನನ್ನ ಉತ್ತರ ಸೊನ್ನೆ. ಆದರೆ ಬರೀ ‘ಬೇಡ’ ಅಂದರೆ ನೀವು ಕೇಳುವುದಿಲ್ಲ. 28ರ ವಯಸ್ಸಿನಲ್ಲಿ ಯಾರು ಕೇಳುತ್ತಾರೆ? ಅದಕ್ಕೇ ಒಂದೇ ಒಂದು ಕೆಲಸ ಹೇಳುತ್ತೇನೆ. ಇದನ್ನು ಮಾಡುವ ಮೊದಲು ಯಾರಿಗೂ ಒಂದು ರೂಪಾಯಿ ಕಳಿಸುವಂತಿಲ್ಲ.

ಈ ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ ಕೂತುಕೊಳ್ಳಿ. ಪ್ಲೇ ಸ್ಟೋರ್ ತೆಗೆದು ಮೇಲೆ ಕಾಣುವ ನಿಮ್ಮ ಫೋಟೋ ಒತ್ತಿ. ಅಲ್ಲಿ ಪೇಮೆಂಟ್ಸ್ ಆ್ಯಂಡ್ ಸಬ್‌ಸ್ಕ್ರಿಪ್ಷನ್ಸ್, ಅದರ ಒಳಗೆ ಬಜೆಟ್ ಆ್ಯಂಡ್ ಹಿಸ್ಟರಿ ಇರುತ್ತದೆ. ಎರಡು ವರ್ಷದಲ್ಲಿ ನೀವು ಕೊಂಡ ಪ್ರತಿಯೊಂದು ಪ್ಯಾಕೂ ಅಲ್ಲಿ ಸಿಗುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ತಾರೀಖು, ಮೊತ್ತ ಎರಡನ್ನೂ ಪೆನ್ನಿನಲ್ಲಿ ಬರೆಯಿರಿ. ಎಕ್ಸೆಲ್ ಬೇಡ, ಅದು ತಾನೇ ಕೂಡಿಬಿಡುತ್ತದೆ. ನೀವು ಕೂಡಬೇಕು. ಸಂಬಳ ಬಂದ ವಾರದಲ್ಲಿ ಎಷ್ಟು ಸಲ ಕೊಂಡಿದ್ದೀರಿ, ಒಂದೇ ರಾತ್ರಿ ಎರಡು ಮೂರು ಸಲ ಕೊಂಡದ್ದು ಎಷ್ಟಿದೆ, ಅದನ್ನೂ ನೋಡಿ.

ಅಷ್ಟು ಬರೆದ ಮೇಲೂ ರಾತ್ರಿ ಕೈ ಫೋನಿನ ಕಡೆಗೇ ಹೋದರೆ, ಅದನ್ನು ಬುದ್ಧಿಯ ಸೋಲು ಅಂತ ತಿಳಿದು ಒಳಗೊಳಗೇ ಕೊರಗಬೇಡಿ. ಸಹಾಯ ಸಿಗುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ನಿಮ್ಹಾನ್ಸ್‌ನಲ್ಲಿ ಫೋನು, ಗೇಮುಗಳ ಚಟಕ್ಕೆಂದೇ 2014ರಿಂದ ಶಟ್ ಕ್ಲಿನಿಕ್ ಇದೆ. ನೀವಿರುವುದೂ ಬೆಂಗಳೂರಿನಲ್ಲೇ.

ಕೂಡಿ ಬಂದ ಮೊತ್ತವನ್ನು ನನಗೆ ಬರೆದು ಕಳಿಸಬೇಡಿ. ಭಾನುವಾರ ಅಕ್ಕನಿಗೆ ರಜೆ ಇರುತ್ತದೆ ಅಂದಿದ್ದೀರಲ್ಲ, ನೋಟ್‌ಬುಕ್ ತೆಗೆದುಕೊಂಡು ಹೋಗಿ ಅವರ ಕೈಗೆ ಕೊಡಿ. ಭಾವ ಮನೆಯಲ್ಲೇ ಇರುವ ಹೊತ್ತಿಗೆ ಕೊಡಿ.