ಪೇಪರ್ ಹಾಕೋಕೆ ಮುಂಚೆ ಬಂದಿದ್ದು ಒಳ್ಳೇದಾಯ್ತು
ಗುರುತು ಸಿಗೋ ಥರದ್ದೆಲ್ಲ ಬದಲಾಯಿಸಿ ಬರೀತಿದೀನಿ. ಇವರು ಗಾರ್ಮೆಂಟ್ಸಲ್ಲಿ ಟೈಲರ್, ಹತ್ತು ವರ್ಷದಿಂದ ಕಾಲರ್ ಹಚ್ಚೋ ಕೆಲಸ. ಪಕ್ಕದ ಮಿಷನ್ ಹುಡುಗಿ ನನ್ನ ಹತ್ರ ಕೌನ್ಸೆಲಿಂಗಿಗೆ ಕರ್ಕೊಂಡ್ ಬಂದಿದ್ಲು, "ಅಕ್ಕ ಬಾತ್‌ರೂಮಿಗೆ ಹೋದ್ರೆ ಹೊರಗೇ ಬರಲ್ಲ ಮೇಡಂ, ಒಳಗೆ ಅಳ್ತಾ ಇರ್ತಾರೆ" ಅಂತ.

ಎರಡು ತಿಂಗಳಿಂದ ನಿದ್ದೆ ಇಲ್ಲ, ಊಟ ಸೇರಲ್ಲ, ಬೆಳಗಿನ ಜಾವ ಮೂರಕ್ಕೆ ಎಚ್ಚರ ಆದ್ರೆ ಮುಗೀತು, ಕೆಲಸಕ್ಕೆ ಕೂತ್ರೆ ಕೈ ನಡುಗಿ ಹೊಲಿಗೆ ಸೊಟ್ಟ ಹೋಗತ್ತೆ, ಪೀಸ್ ವಾಪಸ್ ಬರತ್ತೆ, ಗಂಟೆ ಟಾರ್ಗೆಟ್ ಮುಟ್ಟಲ್ಲ, ಸೂಪರ್‌ವೈಸರ್ ಇಡೀ ಲೈನ್ ಮುಂದೆ ಬೈತಾನೆ, ಆಮೇಲೆ ಇನ್ನೂ ನಡುಕ. ಆಫೀಸಿಗೆ ಕರೆಸಿ "ಆಗ್ದಿದ್ರೆ ಪೇಪರ್ ಹಾಕಮ್ಮ" ಅಂದಿದ್ರಂತೆ. ಬರೆದ ರಾಜೀನಾಮೆ ಕಾಗದ ಬ್ಯಾಗಲ್ಲೇ ಇತ್ತು.

ಸಾಯೋ ಯೋಚನೆ ಬರತ್ತಾ ಅಂತ ನೇರವಾಗೇ ಕೇಳ್ದೆ. (ಕೇಳಿದ್ರೆ ಇಲ್ದಿರೋ ಯೋಚನೆ ತಲೆಗೆ ತುಂಬಿದಂಗೆ ಅಂತ ಸುಮಾರು ಜನ ಹೆದರ್ತಾರೆ, ಹಂಗೇನಿಲ್ಲ.) "ಮಕ್ಳಿದಾವಲ್ಲ ಮೇಡಂ, ಬೆಳಗ್ಗೆ ಎಚ್ಚರ ಆಗ್ದಿದ್ರೆ ಸಾಕು ಅನ್ಸತ್ತೆ, ಅಷ್ಟೆ" ಅಂದ್ರು. ಆ "ಅಷ್ಟೆ"ನ ನಾನು ಹಗುರವಾಗಿ ತಗೊಳ್ಳಲಿಲ್ಲ. ಅವರನ್ನ ಕೇಳ್ಕೊಂಡೇ ಗಂಡನಿಗೆ ಫೋನ್ ಮಾಡಿ ಅವತ್ತೇ ಇಎಸ್‌ಐ (ಕಾರ್ಮಿಕರ ವಿಮೆ) ಆಸ್ಪತ್ರೆಗೆ ಕಳಿಸ್ದೆ, ರಾತ್ರಿ ಹೊತ್ತಿಗೆ ಇರ್ಲಿ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರ್ಕೊಟ್ಟೆ, 24 ಗಂಟೆನೂ ಇರತ್ತೆ, ಕನ್ನಡದಲ್ಲೇ ಮಾತಾಡಬಹುದು.

ಡಾಕ್ಟ್ರು ಡಿಪ್ರೆಷನ್ ಅಂದ್ರು. ನಾನು ಹೇಳಿದ್ದು, ರಾಜೀನಾಮೆ ಮಾತ್ರ ಈಗ ಬೇಡ. "ನನ್ನ ಕೈಲಿ ಏನೂ ಆಗಲ್ಲ" ಅನ್ಸೋದೇ ಈ ಕಾಯಿಲೆ ಲಕ್ಷಣ, ಅದನ್ನ ನಂಬಿ ಸೈನ್ ಹಾಕ್ಬಾರ್ದು. ಮಾತ್ರೆ ಕೆಲಸ ಶುರು ಮಾಡೋಕೆ ಎರಡರಿಂದ ನಾಲ್ಕು ವಾರ ಬೇಕು, ಅಲ್ಲಿವರೆಗೆ ಇಎಸ್‌ಐ ರಜೆ ಹಾಕಿ ಅಂದೆ. ವರ್ಷಕ್ಕೆ 91 ದಿನದವರೆಗೂ ಕೂಲಿಯ ಶೇ. 70 ಸಿಗತ್ತೆ, ಅದಕ್ಕೆ ಲೆಕ್ಕಕ್ಕೆ ಬರೋ ಆರು ತಿಂಗಳಲ್ಲಿ 78 ದಿನದ ಇಎಸ್‌ಐ ವಂತಿಗೆ ಕಟ್ಟಿರ್ಬೇಕು, ಇವರದ್ದಿತ್ತು. ಲೈನಲ್ಲಿ ಯಾರಿಗೂ ಕಾಯಿಲೆ ಹೆಸರು ಹೇಳೋ ಅಗತ್ಯ ಇಲ್ಲ, 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಗೋಪ್ಯತೆ ಹಕ್ಕಿದೆ.

ಅವರು ಒಪ್ಪಿದ ಮೇಲೆ ಫ್ಯಾಕ್ಟರಿಯವ್ರ ಹತ್ರ ಮಾತಾಡ್ದೆ. ವಾಪಸ್ ಬಂದ ಮೊದಲ ತಿಂಗಳು ಸಂಬಳ ಕಮ್ಮಿ ಮಾಡ್ದೆ ದಾರ ಕತ್ತರಿಸೋ ಟೇಬಲ್ಲಿಗೆ ಹಾಕಿ, ಆಸ್ಪತ್ರೆ ದಿನ ಅರ್ಧ ದಿನ ಬಿಡಿ, ಬೈಬೇಡಿ ಅಂದೆ. "ಎಲ್ರೂ ಹಿಂಗೇ ಕೇಳಿದ್ರೆ ಪ್ರೊಡಕ್ಷನ್ ಹೆಂಗೆ ಮೇಡಂ?" ಅಂದ್ರು. ಹತ್ತು ವರ್ಷ ಪಳಗಿದ ಕೈ ಹೋದ್ರೆ ಹೊಸಬ್ರಿಗೆ ಕಾಲರ್ ಕಲ್ಸೋಕೆ ಎಷ್ಟ್ ದಿನ ಬೇಕು ಅಂದೆ, ಸುಮ್ನಾದ್ರು. ಮೊದಲೆರಡು ಸಿಕ್ತು. ಬೈಗುಳ ಪೂರ್ತಿ ನಿಂತಿಲ್ಲ, ಆ ಸೂಪರ್‌ವೈಸರ್ಗೂ ಮೇಲಿಂದ ಬೈಗುಳ ಬೀಳತ್ತಲ್ಲ.

ಈಗ ನಿದ್ದೆ ಬರ್ತಿದೆ, ಮಾತ್ರೆ ಬಿಟ್ಬಿಡ್ಲಾ ಅಂತ ಕೇಳ್ತಿದಾರೆ. ಹುಷಾರಾದ್ಮೇಲೂ ಕೆಲವು ತಿಂಗಳು ತಗೋಬೇಕಾಗತ್ತೆ, ಡಾಕ್ಟ್ರು ಹೇಳೋವರೆಗೂ ಬೇಡ ಅಂದಿದೀನಿ.